ನೋಟಿನ ಮೂಲೆಯ ಎರಡಕ್ಷರ

ಅಮೆರಿಕೆಯಿಂದ ರಜೆಗೆ ಬಂದ ಮೊಮ್ಮಗಳು ಒಂದು ಡಾಲರಿನ ನೋಟನ್ನು ನನ್ನ ಕೈಗಿತ್ತು, "ತಾತ, ಇದು ಅಚ್ಚಾದ ಊರು ಯಾವುದು?" ಎಂದಳು. ಎಡಗಡೆಯ ಕಪ್ಪು ಮುದ್ರೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಎಂದಿದ್ದಿತು. ಅದೇ ಊರೆಂದು ಉಪಾಧ್ಯಾಯನ ಗತ್ತಿನಿಂದಲೇ ತೀರ್ಪಿತ್ತೆನು. ಅವಳು ನಕ್ಕು ಭೂತಕನ್ನಡಿಯನ್ನು ಮುಂದಿಟ್ಟಳು.

ಆ ಮುದ್ರೆಯು ಹೇಳುವುದು ನೋಟನ್ನು ಹೊರಡಿಸಿದ ರಿಸರ್ವ್ ಬ್ಯಾಂಕಿನ ಊರನ್ನು. ಅಂತಹ ಬ್ಯಾಂಕುಗಳು 12. ನೋಟಿನ ಅಚ್ಚುಕೂಟಗಳಾದರೋ ಎರಡೇ. ವಾಷಿಂಗ್‌ಟನ್ನಿನದು ಹಳೆಯದು, ಟೆಕ್ಸಾಸ್ ಸೀಮೆಯ ಫೋರ್ಟ್ ವರ್ತಿನದು 1991ರಲ್ಲಿ ಆರಂಭೋತ್ಸವವನ್ನು ಕಂಡದ್ದು. ನೋಟಿನ ಮುಂಬದಿಯಲ್ಲಿ, ಬಲಗಡೆಯ ಕೆಳಭಾಗದಲ್ಲಿ, ಅಚ್ಚಿನ ಫಲಕದ ಸಂಖ್ಯೆಯಿರುವುದು. ಅದಕ್ಕೆ ಮೊದಲು ಎಫ್.ಡಬ್ಲ್ಯು. ಎಂಬ ಎರಡು ಕಿರಿಯ ಅಕ್ಷರಗಳಿದ್ದರೆ ಫೋರ್ಟ್ ವರ್ತಿನದು, ಇಲ್ಲದಿದ್ದರೆ ವಾಷಿಂಗ್‌ಟನ್ನಿನದು. ನಮ್ಮ ನೋಟಿನಲ್ಲಿ ಆ ಅಕ್ಷರಗಳಿದ್ದುವು.

ಓಲೆಗರಿಯ ಗ್ರಂಥದಲ್ಲಿ ಕವಿಯು ಬೇರೆ, ಪ್ರತಿಮಾಡಿದ ಲಿಪಿಕಾರನು ಬೇರೆ. ಕಡೆಯ ಗರಿಯನ್ನು ನೋಡದೆ ನಿರ್ಣಯಿಸಬಾರದೆಂದು ಪಾಠಶಾಲೆಯಲ್ಲಿ ಗುರುಗಳು ಎಚ್ಚರಿಸುತ್ತಿದ್ದರು. ನಾನೂ ಹುಡುಗರಿಗೆ ಅದನ್ನೇ ಬೋಧಿಸಿದವನು. ಆದರೂ ದೊಡ್ಡ ಅಕ್ಷರವನ್ನು ಕಂಡೊಡನೆ ಸಣ್ಣದನ್ನು ಹುಡುಕದೆ ಹೋದೆನು.

"ತಪ್ಪಿದೆನಮ್ಮಾ" ಎಂದೆನು. ತರಗತಿಯಲ್ಲಿ ಎಷ್ಟೋ ಸಲ ಆಡಬೇಕಾಗಿದ್ದು ಆಡದೆ ಉಳಿದ ಮಾತದು.