ಎಂಜಿನ್ ಬಿಚ್ಚಿದೆವು... ಬಳೆ ಲೆಕ್ಕ ಸಿಕ್ಕಿತು!

ನಮ್ಮ ಸಿನಿಮಾಗಳಲ್ಲಿ ಕಾರು ರಿಪೇರಿ ಎಷ್ಟು ಸಲೀಸು ನೋಡಿ! ನಾಯಕಿಯ ಕಾರು ನಡುರಸ್ತೆಯಲ್ಲಿ ಕೆಟ್ಟು ನಿಲ್ಲುತ್ತದೆ. ನಾಯಕ ಬರುತ್ತಾನೆ, ಬಾನೆಟ್ ಎತ್ತುತ್ತಾನೆ, ಸ್ಪ್ಯಾನರ್ ಎರಡು ಸುತ್ತು ತಿರುಗಿಸುತ್ತಾನೆ... ಕೆನ್ನೆಗೆ ಒಂದು ಚೂರು ಗ್ರೀಸು. ಗಾಡಿ ಸ್ಟಾರ್ಟ್! ಹಿಂದೆಯೇ ಹಾಡು. ಪಿಸ್ಟನ್ ರಿಂಗ್ ಬದಲಾಯಿಸಿದ ನಾಯಕನನ್ನು ನಾನಂತೂ ಯಾವ ಟಾಕೀಸಿನಲ್ಲೂ ಕಂಡಿಲ್ಲ. ಬದಲಾಯಿಸಲು ಕೂತರೆ ಚಿತ್ರ ಮುಗಿದು ಗೇಟು ತೆರೆದರೂ ಎಂಜಿನ್ ಇನ್ನೂ ಗೋಣಿತಾಟಿನ ಮೇಲೇ ಇರುತ್ತದೆ. ನಮಗೆ ಹಿಡಿದದ್ದು ಇಪ್ಪತ್ತಾರು ದಿನ.

ಗಾಡಿ ಅಪ್ಪನದು. 1977ರ ಅಂಬಾಸಿಡರ್, ಮಾರ್ಕ್ 3, ಪೆಟ್ರೋಲು. 1981ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡು ಗಾಂಧಿನಗರದಲ್ಲಿ ಹದಿಮೂರು ವರ್ಷ ಟ್ಯಾಕ್ಸಿ ಓಡಿಸಿದರು. ಸಿನಿಮಾ ಕಂಪನಿಗಳವರು, ಲೈಟ್ ಬಾಯ್‌ಗಳು, ಫಿಲಂ ಡಬ್ಬ, ಮೇಕಪ್ ಪೆಟ್ಟಿಗೆ... ಎಲ್ಲ ಅದರಲ್ಲೇ. ಅಪ್ಪನಿಗೆ ಒಂದು ಹೆಮ್ಮೆ ಇತ್ತು. ಯಾರು ಸಿಕ್ಕರೂ ಹೇಳೋರು: "ನನ್ನ ಎಂಜಿನ್‌ಗೆ ಇವತ್ತಿನವರೆಗೂ ಕೈ ಹಾಕ್ಸಿಲ್ಲ ಕಣ್ರೀ!"

2019ರಲ್ಲಿ ಅದು ನೀಲಿ ಹೊಗೆ ಕಾರತೊಡಗಿತು. ಹೊಗೆಗೂ ಭಾಷೆ ಇದೆ ಸ್ವಾಮಿ. ಕಪ್ಪು ಬಂದರೆ ಪೆಟ್ರೋಲ್ ಹೆಚ್ಚು ಕುಡೀತಿದೆ ಅಂತ. ಎಂಜಿನ್ ಬಿಸಿಯಾದ ಮೇಲೂ ಬಿಳಿ ನಿಲ್ಲದಿದ್ದರೆ ಒಳಗೆ ನೀರು ನುಗ್ಗಿದೆ ಅಂತ. ನೀಲಿ ಅಂದರೆ ಎಂಜಿನ್ ಆಯಿಲ್ ಉರೀತಿದೆ. ಪ್ಲಗ್ ಬಿಚ್ಚಿ ಕಂಪ್ರೆಶನ್ ನೋಡಿದೆವು, ಕಡಿಮೆ. ಅದೇ ತೂತಿನಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಏರಿತು. ಏರಿದರೆ ರಿಂಗು, ಬೋರು ಸವೆದಿದೆ. ಏರದಿದ್ದರೆ ವಾಲ್ವು ಅನ್ನಬಹುದು. ನಮ್ಮದು ರಿಂಗು. ಅಂದರೆ ಎಂಜಿನ್ ಕೆಳಗಿಳಿಯಲೇಬೇಕು.

ಅಣ್ಣ ಗುಜರಿಯವನನ್ನೇ ಕರೆತಂದ. "20,000 ಕೊಡ್ತೀನಿ, ಈಗ್ಲೇ ಎಳ್ಕೊಂಡ್ ಹೋಗ್ತೀನಿ" ಅಂದ ಅವನು. ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆಯೇ 2014ರಲ್ಲಿ ನಿಂತಿದೆ, ಇದನ್ನ ಇಟ್ಕೊಂಡು ಏನ್ ಮಾಡ್ತೀರಿ ಅಂತ ಅಣ್ಣನ ವಾದ. ವಾದ ತಪ್ಪೇನಲ್ಲ. ಅಪ್ಪ ಮಾತಾಡಲಿಲ್ಲ, ಆ ರಾತ್ರಿ ಊಟವನ್ನೂ ಮಾಡಲಿಲ್ಲ. ಬೆಳಿಗ್ಗೆ ನಾನು ಹೋಗಿ ಬೀದಿ ಕೊನೆಯ ಮೇಸ್ತ್ರಿಯನ್ನು ಕರೆದುಕೊಂಡು ಬಂದೆ. ಗ್ಯಾರೇಜು ಮುಚ್ಚಿ ಮನೆಯಲ್ಲಿ ಕೂತಿದ್ದ ಹಿರಿಯ. ಕೈ ನಡುಗುತ್ತದೆ, ಬಾಯಿ ನಡುಗುವುದಿಲ್ಲ. ಅವರು ಹೇಳೋದು, ನಾನು ಮಾಡೋದು.

ನೆಲಮಂಗಲದ ನಮ್ಮ ಮನೆ ಅಂಗಳದಲ್ಲಿ ಮೂರು ಕಬ್ಬಿಣದ ಪೈಪು ನಿಲ್ಲಿಸಿ ತುದಿ ಬಿಗಿದು ಚೈನ್ ಬ್ಲಾಕ್ ತೂಗುಹಾಕಿದೆವು. ಮೊದಲು ಬ್ಯಾಟರಿ ವೈರು ಕಳಚಬೇಕು. ಆಮೇಲೆ ನೀರು, ಆಯಿಲ್ ಇಳಿಸೋದು. ಬಾನೆಟ್, ರೇಡಿಯೇಟರ್, ಕಾರ್ಬೊರೇಟರ್, ಸೈಲೆನ್ಸರ್ ಪೈಪು, ಸ್ಟಾರ್ಟರ್. ಗೇರ್ ಬಾಕ್ಸ್ ಕೆಳಗೆ ಜಾಕ್ ಕೊಡೋದನ್ನ ಮರೆಯಬಾರದು. ಇಲ್ಲದಿದ್ದರೆ ಎಂಜಿನ್ ಬಿಟ್ಟ ಕ್ಷಣ ಅದು ಬಾಯಿಬಿಟ್ಟುಕೊಂಡು ಜೋತುಬೀಳುತ್ತದೆ. ಬೋಲ್ಟೆಲ್ಲ ಬಿಚ್ಚಿದ ಮೇಲೂ ಎಂಜಿನ್ ನೇರ ಮೇಲಕ್ಕೆ ಬರೋದಿಲ್ಲ. ಗೇರ್ ಬಾಕ್ಸಿನ ಶಾಫ್ಟ್ ಬಿಡಿಸಿಕೊಳ್ಳಲು ಮುಂದಕ್ಕೆ ಎಳೆಯಬೇಕು, ಮೂತಿ ಎತ್ತಬೇಕು, ಅಲ್ಲಾಡಿಸಬೇಕು. ಮೊಂಡು ಎತ್ತನ್ನು ಕೊಟ್ಟಿಗೆಯಿಂದ ಹೊರಡಿಸಿದ ಹಾಗೆ! "ತೂಗ್ತಿರೋದರ ಕೆಳಗೆ ಕೈ ಬೇಡ, ಕಾಲು ಬೇಡ. ಚೈನು ಯಾರಿಗೂ ಸಂಬಂಧಿಕನಲ್ಲ" ಅಂತ ಮೇಸ್ತ್ರಿ ಗದರುತ್ತಲೇ ಇದ್ದರು.

ಬಿಚ್ಚಿದ ಸಾಮಾನು ಇಡಲು ಹಳೇ ಸಿನಿಮಾ ಪತ್ರಿಕೆಗಳೇ ಗತಿ. ಎಂಬತ್ತರ ದಶಕದ ನಾಯಕಿಯರೆಲ್ಲ ಆಯಿಲ್‌ನಲ್ಲಿ ಮಿಂದರು, ಕ್ಷಮಿಸಿ! ರಟ್ಟಿಗೆ ಎಂಟು ತೂತು ಕೊರೆದು ಎಂಟು ಪುಶ್ ರಾಡ್‌ಗಳನ್ನು ಬಂದ ಸರದಿಯಲ್ಲೇ ಚುಚ್ಚಿಟ್ಟೆ. ಕನೆಕ್ಟಿಂಗ್ ರಾಡ್‌ಗಳ ಟೋಪಿಯೂ ಅಷ್ಟೇ, ಒಂದರದು ಇನ್ನೊಂದಕ್ಕೆ ಹಾಕಿದರೆ ಎಂಜಿನ್ ಮುಗಿದಂತೆ.

ಆರನೇ ದಿನ ಪಿಸ್ಟನ್ ತಲೆಯ ಮೇಲಿನ ಮಸಿ ಕೆರೆಯುತ್ತಿದ್ದೆ. ಮೇಸ್ತ್ರಿ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು.

"ಯಜಮಾನ್ರೇ... ಇದು ಆಗ್ಲೇ ನಲವತ್ತು!"

ಥೌ ಅಂದರೆ ಇಂಚಿನ ಸಾವಿರದಲ್ಲೊಂದು ಭಾಗ. ಸಿಲಿಂಡರ್ ಸವೆದರೆ ಅದನ್ನು ಕೊರೆದು ಅಗಲ ಮಾಡಿ ದೊಡ್ಡ ಪಿಸ್ಟನ್ ಹಾಕುತ್ತಾರೆ, ಎಷ್ಟು ದೊಡ್ಡದು ಅಂತ ಪಿಸ್ಟನ್ ತಲೆ ಮೇಲೆಯೇ ಅಚ್ಚಾಗಿರುತ್ತದೆ. 40 ಥೌ ಅಂದರೆ ಸುಮಾರು ಒಂದು ಮಿಲಿಮೀಟರ್. ಕೈ ಹಾಕದ ಎಂಜಿನ್‌ನಲ್ಲಿ ಅದು ಇರೋದು ಹೇಗೆ?

"ಅಪ್ಪಾ, ಕೈ ಹಾಕ್ಸಿಲ್ಲ ಅಂತಿದ್ರಲ್ಲ?"

ಕುರ್ಚಿಯಲ್ಲಿ ಕೂತಿದ್ದ ಅಪ್ಪ ಪಿಸ್ಟನ್ ಕೈಗೆ ತಗೊಂಡು ಬೆರಳಿಂದ ಆ ಅಂಕಿ ಸವರಿದರು. "ಎಂಬತ್ನಾಲ್ಕರಲ್ಲಿ ಒಂದ್ಸಲ ಇಪ್ಪತ್ತಕ್ಕೆ ಬೋರ್ ಮಾಡ್ಸಿದ್ದೆ. ಎಂಬತ್ತೊಂಬತ್ತರಲ್ಲಿ ನಲವತ್ತಕ್ಕೆ. ಕ್ರ್ಯಾಂಕೂ ಗ್ರೈಂಡ್ ಆಯ್ತು ಆವಾಗ."

ಟೀ ತಂದಿದ್ದ ಅಮ್ಮ ತಟ್ಟೆ ಹಿಡಿದುಕೊಂಡೇ ನಿಂತರು. "ಎಂಬತ್ತೊಂಬತ್ತಾ?"

1989ರಲ್ಲಿ ಅಮ್ಮನ ನಾಲ್ಕು ಬಳೆ ಮನೆಯಿಂದ ಹೋಗಿದ್ದವು. ಕುಣಿಗಲ್‌ನ ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಗಂಡನ ಆಸ್ಪತ್ರೆ ಖರ್ಚಿಗೆ ಕೊಟ್ಟೆ ಅಂದಿದ್ದರು ಅಪ್ಪ. ಅವು ವಾಪಸ್ ಬರಲಿಲ್ಲ. ಅಮ್ಮ ಕೇಳಲೂ ಇಲ್ಲ. ಆದರೆ ಮೂವತ್ತು ವರ್ಷ ನಾದಿನಿಯ ಮನೆ ಹೊಸ್ತಿಲು ತುಳಿಯಲಿಲ್ಲ. ಮದುವೆ, ತಿಥಿ ಯಾವುದಕ್ಕೂ ಇಲ್ಲ. ಆಕೆ ಬಂದರೆ ಒಂದು ಲೋಟ ನೀರು, ಒಂದು "ಹೂಂ", ಅಷ್ಟೇ.

"ಸೇಟು ಹತ್ರ ಗಿರವಿ ಇಟ್ಟಿದ್ದೆ ಕಣೆ. ಎಂಜಿನ್ ನುಂಗ್ತು ಅಂತ ಹೇಳೋಕೆ ಬಾಯಿ ಬರ್ಲಿಲ್ಲ" ಅಂದರು ಅಪ್ಪ.

ಅಮ್ಮ ಟೀ ಕೆಳಗಿಟ್ಟು ಒಳಗೆ ಹೋದರು. ಎರಡು ದಿನ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮೂರನೇ ದಿನ ಬಂದು ನನ್ನನ್ನು ಕೇಳಿದರು: "ಗಾಡಿ ಯಾವಾಗ ರೆಡಿ ಆಗುತ್ತೆ?"

ಇನ್ನು ಬೋರ್ ಮಾಡಲು ಗೋಡೆ ಸಾಲದು. ಬ್ಲಾಕನ್ನು ಲೇತಿನವರ ಬಳಿ ಹೊತ್ತೊಯ್ದು ನಾಲ್ಕಕ್ಕೂ ಸ್ಲೀವ್ ಹಾಕಿಸಿ ಮತ್ತೆ ಮೂಲ ಅಳತೆಗೆ, ಅಂದರೆ 73 ಮಿಲಿಮೀಟರಿಗೆ ತಂದೆವು. ಮನೆಯಲ್ಲೇ ರಿಪೇರಿ ಅಂತ ಎದೆ ತಟ್ಟಿಕೊಳ್ಳುವವರು ಇದನ್ನು ಹೇಳೋದಿಲ್ಲ. ಬಿಚ್ಚೋದು, ಜೋಡಿಸೋದು ಮನೆಯ ಕೆಲಸ. ಕೊರೆಯೋದು, ಗ್ರೈಂಡಿಂಗು ಮೆಷಿನ್ ಕೆಲಸ. ಪಿಸ್ಟನ್, ರಿಂಗು, ಬೇರಿಂಗು, ಗ್ಯಾಸ್ಕೆಟ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದೆ. ವಾಲ್ವ್‌ಗಳನ್ನು ಪೇಸ್ಟ್ ಹಚ್ಚಿ ಅಂಗಳದಲ್ಲೇ ತಿಕ್ಕಿದೆ. ಕೋಲನ್ನು ಎರಡು ಅಂಗೈ ನಡುವೆ ಇಟ್ಟು ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ತಿರುಗಿಸೋದು. ಈ ಕೆಲಸಕ್ಕೆ ಅಮ್ಮ ಕೂಡ ಕೂತರು, ನನಗಿಂತ ಚೆನ್ನಾಗಿ ಮಾಡಿದರು. ಅಪ್ಪ ದೂರದಿಂದ ನೋಡುತ್ತಿದ್ದರು.

ಹೆಡ್ಡಿನ ನಟ್ಟುಗಳನ್ನು ನಡುವಿನಿಂದ ಹೊರಕ್ಕೆ, ಸ್ವಲ್ಪ ಸ್ವಲ್ಪವೇ ಬಿಗಿದೆ. ಇಪ್ಪತ್ತಾರನೇ ದಿನ ಸಂಜೆ ನಾಲ್ಕನೇ ಸಲಕ್ಕೆ ಎಂಜಿನ್ ಹಿಡಿಯಿತು. ಮೇಸ್ತ್ರಿ ನಡುಗುವ ಕೈಯನ್ನು ರಾಕರ್ ಕವರ್ ಮೇಲಿಟ್ಟರು, ತುಂಬ ಹೊತ್ತು ತೆಗೆಯಲಿಲ್ಲ.

ಹೊಸ ರಿಂಗು ಕೂರುವವರೆಗೆ ಜೋರಾಗಿ ಓಡಿಸುವಂತಿಲ್ಲ. ಸೋಲೂರು ದಾಟಿ ಕುಣಿಗಲ್ ಕಡೆಗೆ ಐವತ್ತರ ಮೇಲೆ ಹೋಗದೆ ಓಡಿಸಿದೆ. ಲಾರಿಗಳೆಲ್ಲ ಹಾರನ್ ಹೊಡೆದು ಮುಂದೆ ಹೋದವು. ಮುಂದಿನ ಸೀಟಿನಲ್ಲಿ ಅಪ್ಪ ತಲೆ ಓರೆ ಮಾಡಿ ಕೇಳುತ್ತಿದ್ದರು. "ಮೂರನೇದರ ಟ್ಯಾಪೆಟ್ ಸ್ವಲ್ಪ ಲೂಸಿದೆ" ಅಂದರು.

"ಅದನ್ನ ಆಮೇಲೆ ನೋಡ್ಕೊಳ್ಳಿ. ತಂಗಿಗೆ ಏನ್ ಹೇಳ್ಬೇಕು ಅಂತ ಈಗ ಯೋಚ್ನೆ ಮಾಡಿ" ಅಂದರು ಅಮ್ಮ ಹಿಂದಿನಿಂದ. ಮಡಿಲಲ್ಲಿ ಹೊಸ ಸೀರೆಯ ಪೊಟ್ಟಣ.

ಹಾರನ್ ಸದ್ದಿಗೆ ಅತ್ತೆ ಬಾಗಿಲಿಗೆ ಬಂದರು. ಗಾಡಿ ನೋಡಿ, "ಅಯ್ಯೋ, ಇದಿನ್ನೂ ಇದೆಯಾ!" ಅಂದರು. ಆಮೇಲೆ ಹಿಂದಿನ ಬಾಗಿಲು ತೆರೆಯಿತು.