ಮಳೆಯ ಲೆಕ್ಕ

ನಾವು ಈ ಶಾಲೆಯ ವಸತಿಗೃಹದಲ್ಲಿದ್ದ ಕಾಲದಲ್ಲಿ, ಅಂಗಳದಾಚೆ ಮರಗಳ ಮರೆಯಿಲ್ಲದ ಬಯಲಿನಲ್ಲಿ ಒಂದು ಮಳೆಮಾಪಕವಿದ್ದುದು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗಾದರೂ ನೆನಪಿರಬಹುದು. ಮೇಲೊಂದು ಆಲಿಕೆ, ಒಳಗೆ ನೀರು ಕೂಡುವ ಪಾತ್ರೆ, ಗೀರು ಹಾಕಿದ ಗಾಜಿನ ಅಳತೆಪಾತ್ರೆ, ಉಪಕರಣವೆಂದರೆ ಇಷ್ಟೇ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಗಳ ಮಳೆಯನ್ನಳೆದು ಪುಸ್ತಕದಲ್ಲಿ ಬರೆಯುವ ಕೆಲಸವು ನಮ್ಮ ಮೂವರ ಪಾಲಿಗೆ ಬಂದಿತ್ತು. ಒಂದು ಮಿಲಿಮೀಟರು ಮಳೆಯೆಂದರೆ ಚದರ ಮೀಟರು ನೆಲಕ್ಕೆ ಒಂದು ಲೀಟರು ನೀರೆಂದು ತಿಳಿದ ದಿನ, ಆಕಾಶವೇ ನಮ್ಮ ಲೆಕ್ಕಕ್ಕೆ ಸಿಕ್ಕಿತೆಂದು ಹಿಗ್ಗಿದೆವು.

ಆದರೆ ಆಟಿ ತಿಂಗಳ ಒಂದು ಬೆಳಿಗ್ಗೆ, ಮಳೆಗಾಳಿಗಳ ಅಬ್ಬರಕ್ಕೆ ಅಂಜಿ ನಾವು ಹೊರಗೆ ಹೋಗಲಿಲ್ಲ. ಮರುದಿನ ಅಳೆದಾಗ ಎರಡು ದಿನಗಳ ನೀರು ಕೂಡಿ 118 ಮಿಲಿಮೀಟರು ಆಗಿತ್ತು. ಅದನ್ನು ಸರಿಪಾಲು ಮಾಡಿ 59, 59 ಎಂದು ಬರೆದು, ಯಾರಿಗೂ ನಷ್ಟವಾಗಲಿಲ್ಲವೆಂದು ಸಮಾಧಾನಪಟ್ಟೆವು.

ಭೂಗೋಳದ ಉಪಾಧ್ಯಾಯಿನಿಯವರು ಪುಸ್ತಕವನ್ನು ನೋಡಿ, “ಮಕ್ಕಳೇ, ಕೆಳಗಿನ ಗದ್ದೆಗಳು ಮುಳುಗಿದ್ದು ಯಾವ ದಿನ?” ಎಂದು ಮಾತ್ರ ಕೇಳಿದರು. ನಾವು ತಲೆ ತಗ್ಗಿಸಿದೆವು. ಅವರು ಎರಡು ಅಂಕಿಗಳನ್ನೂ ಹೊಡೆದುಹಾಕಿ, ಮೊದಲ ದಿನದ ಜಾಗವನ್ನು ಬರಿದಾಗಿ ಬಿಡಿಸಿ, ಎರಡನೆಯದರಲ್ಲಿ “ಎರಡು ದಿನಗಳ ಮೊತ್ತ 118” ಎಂದು ನಮ್ಮ ಕೈಯಿಂದಲೇ ಬರೆಯಿಸಿದರು.

ಆ ಬರಿದು ಜಾಗದ ಬೆಲೆ ನಮಗೆ ತಿಳಿದುದು ಮುಂದೆ. ಒಂದು ದಿನದಲ್ಲಿ 64.5 ಮಿಲಿಮೀಟರು ಮುಟ್ಟಿದರೆ ಹವಾಮಾನ ಇಲಾಖೆಯು ಅದನ್ನು ಭಾರಿ ಮಳೆಯೆಂದು ಕರೆಯುತ್ತದೆ. ನಮ್ಮ ಸರಿಪಾಲಿನ ಲೆಕ್ಕದಲ್ಲಿ ಭಾರಿ ಮಳೆಯೇ ಬಂದಿರಲಿಲ್ಲ! ಗದ್ದೆ ಮುಳುಗಿದ ರೈತನ ಸಂಕಟವನ್ನು ನಮ್ಮ ಅಂಕಿ ಅಳಿಸಿಹಾಕಿತ್ತು. ಕೇರಳಕ್ಕೆ ಮುಂಗಾರು ಬಂದಿತೆಂದು ಸಾರುವಾಗಲೂ ಇಲಾಖೆಯು ಗಾಳಿ ಮೋಡಗಳ ಜೊತೆಗೆ 14 ಕೇಂದ್ರಗಳ ಮಳೆಯನ್ನು ನೋಡುತ್ತದೆ, ಮಂಗಳೂರೂ ಅವುಗಳಲ್ಲೊಂದು. ಅವುಗಳಲ್ಲಿ ನೂರಕ್ಕೆ 60ರಷ್ಟು ಕಡೆ ಎರಡು ದಿನ ಸತತವಾಗಿ 2.5 ಮಿಲಿಮೀಟರಾದರೂ ಬಿದ್ದಿರಬೇಕು. ಅಷ್ಟು ಸಣ್ಣ ಅಳತೆಯ ಮೇಲೆ ಅಷ್ಟು ದೊಡ್ಡ ವಾರ್ತೆ ನಿಂತಿದೆ.

1918ರಲ್ಲಿ ತಿರುವಾಂಕೂರಿನ ಪೀರುಮೇಡಿನಲ್ಲಿ ಹುಟ್ಟಿದ ಅಣ್ಣಾ ಮಣಿಯವರು ಬೆಂಗಳೂರಿನಲ್ಲಿ ಸರ್ ಸಿ. ವಿ. ರಾಮನ್ನರ ಬಳಿ ಸಂಶೋಧನೆ ನಡೆಸಿ, 1948ರಲ್ಲಿ ಪುಣೆಯ ಹವಾಮಾನ ಇಲಾಖೆಯನ್ನು ಸೇರಿದರು. ಸುಮಾರು 100 ಉಪಕರಣಗಳ ನಕ್ಷೆಗಳನ್ನು ಒಂದು ಕ್ರಮಕ್ಕೆ ತಂದು, ಅವು ನಮ್ಮ ದೇಶದಲ್ಲೇ ತಯಾರಾಗುವಂತೆ ದುಡಿದ ಈ ಮಹಿಳೆಯು, ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಲೇಸೆಂದು ನಂಬಿದ್ದರು. ಅವರ ವೃತ್ತಾಂತವನ್ನೋದಿದಾಗ ನಮಗೆ ನಮ್ಮ ಉಪಾಧ್ಯಾಯಿನಿಯವರೇ ಕಣ್ಣಮುಂದೆ ಬಂದರು.

ನಾವು ಮೂವರೂ ಇಂದು ಮೂರು ಊರುಗಳಲ್ಲಿದ್ದೇವೆ. ಉಪಗ್ರಹದ ಚಿತ್ರವೂ ರೇಡಾರಿನ ಸೂಚನೆಯೂ ಅಂಗೈಯಲ್ಲಿನ ಫೋನಿಗೆ ಬರುತ್ತವೆ. ಅವನ್ನು ನೋಡಿ ನಾಳೆಯ ಮಳೆಯ ಬಗೆಗೆ ತರ್ಕಿಸುವುದು ನಮಗೆ ಈಗಲೂ ಪ್ರಿಯ. ಆದರೂ ಒಬ್ಬೊಬ್ಬರ ಹಿತ್ತಲಲ್ಲೂ ಒಂದೊಂದು ಮಳೆಮಾಪಕವಿದೆ. ಊರಿಗೆ ಹೋಗಿ ಅಳೆಯಲಾಗದ ದಿನ ನಮ್ಮ ಪುಸ್ತಕದ ಜಾಗ ಬರಿದಾಗಿಯೇ ಇರುತ್ತದೆ. ತಾಯಿತಂದೆಗಳೇ, ನಿಮ್ಮ ಮಗಳು ಮಳೆಯಲ್ಲಿ ನೆನೆದು ಬಂದು ಒಂದು ಅಂಕಿಯನ್ನು ಬರೆದಿಟ್ಟರೆ, ದಯಮಾಡಿ ಗದರಿಸಬೇಡಿರಿ. ತಲೆ ಒರಸಿ, ಎಷ್ಟು ಮಳೆಯಾಯಿತೆಂದು ಕೇಳಿರಿ.