ಚಿತ್ರದ ಕೆಳಗಣ ಹೆಸರು

ಮಾರಿ ಗಿಲ್‌ಮಿನ್ ಬೆನ್ವಾ ಎಂಬ ಫ್ರೆಂಚ್ ಚಿತ್ರಕರ್ತ್ರಿಯು 1800ರಲ್ಲಿ ಪ್ರದರ್ಶಿಸಿದ ಚಿತ್ರವೊಂದು ಪ್ಯಾರಿಸ್ ನಗರದ ಲೂವ್ರ್ ಚಿತ್ರಶಾಲೆಯಲ್ಲಿರುವುದು. ಬಿಳಿಯ ವಸ್ತ್ರವನ್ನು ತಲೆಗೆ ಸುತ್ತಿಕೊಂಡ ಕಪ್ಪುಬಣ್ಣದ ತರುಣಿಯು ನೋಡುವವರನ್ನೇ ದಿಟ್ಟಿಸುತ್ತ ಕುಳಿತಿದ್ದಾಳೆ. ‘ನೀಗ್ರೋ ಹೆಂಗಸಿನ ಚಿತ್ರ’ ಎಂಬುದೇ ಅದಕ್ಕೆ ಬಹುಕಾಲವಿದ್ದ ಹೆಸರು. 2019ರಲ್ಲಿ ಅದೇ ನಗರದ ಓರ್ಸೆ ಸಂಗ್ರಹಾಲಯದವರು, ಫ್ರೆಂಚ್ ಚಿತ್ರಕಾರರಿಗೆ ಮಾದರಿಯಾಗಿ ಕುಳಿತ ಕಪ್ಪುಜನರನ್ನೇ ಕುರಿತು ಪ್ರದರ್ಶನವನ್ನೇರ್ಪಡಿಸಿ, ಇದರ ಫಲಕದಲ್ಲಿ ‘ಮದಲೇನಳ ಚಿತ್ರ’ ಎಂದು ಬರೆಸಿದರು. ಆಕೆಯು ಗ್ವಾಡಲೂಪ್ ದ್ವೀಪದವಳು, ಚಿತ್ರಕರ್ತ್ರಿಯ ಬಂಧುಗಳ ಮನೆಯ ಊಳಿಗದವಳು ಎಂದು ವಿದ್ವಾಂಸರು ಶೋಧಿಸಿದ್ದಾರೆ. ಫ್ರಾನ್ಸ್ ದೇಶವು 1794ರಲ್ಲಿ ದಾಸ್ಯವನ್ನು ರದ್ದುಗೊಳಿಸಿ, 1802ರಲ್ಲಿ ನೆಪೋಲಿಯನನ ಕೈಯಿಂದ ಅದನ್ನು ಮರಳಿ ತಂದಿತು; ಈ ಚಿತ್ರವು ಆ ನಡುವಣ ಎಂಟು ವರ್ಷಗಳದು.

ಎದುವಾರ್ ಮಾನೆಯು 1863ರಲ್ಲಿ ಬರೆದ ‘ಒಲಂಪಿಯಾ’ ಚಿತ್ರದ ಸಂಗತಿ ಇನ್ನೂ ವಿಚಿತ್ರ. ಮಂಚದ ಮೇಲಿನ ಬಿಳಿಯ ಹೆಣ್ಣಿಗೆ ಮಾದರಿಯಾದವಳು ವಿಕ್ಟೊರೀನ್ ಮ್ಯೂರಾ ಎಂದು ಕಲೆಯ ಪುಸ್ತಕಗಳೆಲ್ಲ ಹೇಳುತ್ತಿದ್ದುವು. ಹೂಗುಚ್ಛವನ್ನು ಹಿಡಿದು ನಿಂತಿರುವ ಕಪ್ಪು ಪರಿಚಾರಿಕೆಯ ಹೆಸರು ಲೋರ್; ಚಿತ್ರಕಾರನೇ ಅದನ್ನು ಮನೆಯ ವಿಳಾಸದೊಡನೆ ತನ್ನ ಟಿಪ್ಪಣಿ ಪುಸ್ತಕದಲ್ಲಿ ಗುರುತುಹಾಕಿಟ್ಟಿದ್ದನು. ಡೆನೀಸ್ ಮರೆಲ್ ಎಂಬ ಅಮೆರಿಕದ ವಿದುಷಿಯು ಆಕೆಯನ್ನೇ ವಿಷಯವನ್ನಾಗಿ ಮಾಡಿಕೊಂಡು ಸಂಶೋಧನೆ ನಡೆಸಿ, 2018ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನವನ್ನು ನಡೆಯಿಸಿದಳು.

ನಮ್ಮ ಸಂಸ್ಕೃತ ನಾಟಕಗಳಲ್ಲಿಯೂ ಎಷ್ಟೋ ಪರಿಚಾರಿಕೆಯರು ‘ಚೇಟೀ’ ಎಂಬೊಂದೇ ಮಾತಿನಿಂದ ರಂಗಕ್ಕೆ ಬಂದು ಹೋಗುತ್ತಾರೆ. ಮೃಚ್ಛಕಟಿಕದ ಶೂದ್ರಕನಾದರೋ ಮದನಿಕೆ, ರದನಿಕೆ ಎಂದು ಹೆಸರಿಟ್ಟನು. ಹೆಸರಿಟ್ಟ ಕೂಡಲೆ ಮದನಿಕೆಗೆ ಒಬ್ಬ ಪ್ರಿಯನೂ ಒಂದು ಬಾಳೂ ದೊರೆತುವು! ಬಹುಕಾಲ ಶಾಲೆಯಲ್ಲಿ ಹಾಜರಿ ಕೂಗಿದ ನಾವು, ‘ಎಲೋ ಹುಡುಗ’ ಎಂದಾಗ ಬಾಡುವ ಮುಖವು ಹೆಸರು ಹಿಡಿದು ಕರೆದಾಗ ಅರಳುವುದನ್ನು ಕಂಡವರು.

ಹಳೆಯ ಶೀರ್ಷಿಕೆಯನ್ನು ತೆಗೆದರೆ ಇತಿಹಾಸವನ್ನು ಅಳಿಸಿದಂತಾಗದೆ ಎಂದು ಕೇಳುವವರುಂಟು. ಆ ಮಾತನ್ನು ನಾವು ತಳ್ಳಿಹಾಕಲಾರೆವು. ಹಳೆಯದನ್ನು ಸಣ್ಣ ಅಕ್ಷರಗಳಲ್ಲಿ ಜತೆಗೇ ಉಳಿಸಲಿ, ಹಿಂದಿನವರು ಹೇಗೆ ಕರೆದರೆಂಬುದೂ ತಿಳಿಯಲಿ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಸಂಗ್ರಹಾಲಯದವರು 2015ರ ಸುಮಾರಿಗೆ ಇಂತಹ ಪದಗಳನ್ನು ತಿದ್ದತೊಡಗಿ, ಸೈಮನ್ ಮಾರಿಸನ ‘ನೀಗ್ರೋ ಬಾಲಿಕೆ’ಯನ್ನು ‘ಬೀಸಣಿಗೆ ಹಿಡಿದ ಬಾಲಿಕೆ’ಯನ್ನಾಗಿ ಮಾಡಿದರು. ನೋಯಿಸುವ ಮಾತು ಹೋಯಿತು, ಸರಿಯೇ. ಆದರೆ ಆಗ ಅದರ ಸ್ಥಳಕ್ಕೆ ಬಂದುದು ಬೀಸಣಿಗೆ. ದಫ್ತರಗಳನ್ನು ಶೋಧಿಸಿ ಹೆಸರನ್ನೇ ತಂದ ಪ್ಯಾರಿಸಿನವರ ಮಾರ್ಗವು ನಮಗೆ ಹೆಚ್ಚು ಹಿಡಿಸಿತು.

ಮದಲೇನಳ ಫಲಕದಲ್ಲಿಯೂ ಇರುವುದು ಆ ಒಂದೇ ಹೆಸರು, ಕುಲನಾಮವಿಲ್ಲ. ದಾಸ್ಯದಲ್ಲಿದ್ದವರಿಗೆ ಅದು ಸಲ್ಲುತ್ತಿರಲಿಲ್ಲ. 1848ರಲ್ಲಿ ದಾಸ್ಯವು ಎರಡನೆಯ ಸಲ ರದ್ದಾದ ಬಳಿಕ ಗ್ವಾಡಲೂಪಿನ ದಫ್ತರಗಳಲ್ಲಿ ಹೊಸದಾಗಿ ಬಿಡುಗಡೆಹೊಂದಿದವರಿಗೆ ಕುಲನಾಮಗಳನ್ನು ಬರೆದರು.